ಗಂಟೆ ಕಾದುಕೊಟ್ಟವರು

ಜೂನ್ ಬಂತೆಂದರೆ ಚೆಂಬೂರಿನ ತಾಯಂದಿರು ನನ್ನನ್ನು ಕೇಳುವುದು ಒಂದೇ ಮಾತು: "ಟೀಚರ್, ಇವಳು ಕಾಲೇಜಿಗೆ ಸೇರಿದ್ದಾಳೆ, ಒಂದು ಟೈಮ್‌ಟೇಬಲ್ ಹಾಕಿಕೊಡಿ." ಕಾಮರ್ಸ್ ಕಲಿಸಿ ನಿವೃತ್ತಳಾದ ನನ್ನ ಹತ್ತಿರ ಅಂಥದ್ದೊಂದು ಸಿದ್ಧವಾಗಿರುತ್ತದೆ ಎಂದು ಅವರ ನಂಬಿಕೆ. ನಾನು ಮೊದಲು ಕೇಳುವುದು ಅವರ ಮನೆಯಲ್ಲಿ ನೀರು ಎಷ್ಟು ಗಂಟೆಗೆ ಬರುತ್ತದೆ ಎಂದು.

ಮುಂಬಯಿಯಲ್ಲಿ ಹುಟ್ಟಿ ಬೆಳೆದವರಿಗೆ ಈ ಪ್ರಶ್ನೆಯನ್ನು ಬಿಡಿಸಿ ಹೇಳಬೇಕಾಗಿಲ್ಲ. ಘಾಟ್ಲಾದ ಚಾಳುಗಳಲ್ಲಿ, ಸುಭಾಷ್ ನಗರದ ಹಳೆಯ ಬಿಲ್ಡಿಂಗುಗಳಲ್ಲಿ ದಿನ ಆರಂಭವಾಗುವುದು ಮುನಿಸಿಪಾಲಿಟಿಯ ನೀರು ಬಂದಾಗ. ನಸುಕಿಗೆ ಬರುವ ಆ ನೀರು ಸ್ವಲ್ಪ ಹೊತ್ತಿಗೆ ನಿಂತುಹೋಗುತ್ತದೆ. ಅಷ್ಟರೊಳಗೆ ಹಂಡೆ, ಡ್ರಮ್ಮು, ಬಕೆಟ್ಟು ಎಲ್ಲ ತುಂಬಬೇಕು. ಮೋರಿಯಲ್ಲಿ ಬಟ್ಟೆ ಒಗೆದಾಗಬೇಕು. ಆ ಹೊತ್ತಿನಲ್ಲಿ ಮನೆಯ ಮಗಳು ಪುಸ್ತಕ ಹಿಡಿದು ಕೂತರೆ ತಾಯಿ ಬೈಯುತ್ತಾಳೆ, ಬೈಯುವುದು ನ್ಯಾಯವೂ ಹೌದು. ಕೋಚಿಂಗ್ ಕ್ಲಾಸಿನವರು ಹಂಚುವ ಬಣ್ಣದ ಹಾಳೆಯಲ್ಲಿ ಮಾತ್ರ ಬೆಳಿಗ್ಗೆ ಐದಕ್ಕೆ ಏಳಿ, ಐದೂವರೆಗೆ ಧ್ಯಾನ ಮಾಡಿ, ಆರಕ್ಕೆ ಶಾಂತವಾದ ಕೋಣೆಯಲ್ಲಿ ಓದಿ ಎಂದಿರುತ್ತದೆ. ಶಾಂತವಾದ ಆ ಕೋಣೆ ಯಾರ ಮನೆಯಲ್ಲಿದೆ? ಇನ್ನೂರು ಇನ್ನೂರೈವತ್ತು ಚದರಡಿಯ ಖೋಲಿಯಲ್ಲಿ ಐದು ಜನ ಇರುವಾಗ ಒಬ್ಬರು ಓದಲಿಕ್ಕೆ ಇನ್ನೊಬ್ಬರು ಜಾಗ ಬಿಟ್ಟುಕೊಡಬೇಕು. ಒಳ್ಳೆಯ ಅಭ್ಯಾಸ ಒಬ್ಬ ವಿದ್ಯಾರ್ಥಿಯ ಮನೋಬಲದ ಫಲ ಎಂದು ಪುಸ್ತಕಗಳು ಹೇಳುತ್ತವೆ. ಈ ಊರಿನಲ್ಲಿ ನಾನು ಕಂಡದ್ದು ಬೇರೆ. ಇಲ್ಲಿ ಓದಿ ಮೇಲೆ ಬಂದ ಪ್ರತಿಯೊಬ್ಬರ ಹಿಂದೆಯೂ ಅವರಿಗಾಗಿ ದಿನಕ್ಕೊಂದು ಗಂಟೆಯನ್ನು ಕಾದುಕೊಟ್ಟ ಇನ್ನೊಬ್ಬರಿದ್ದಾರೆ.

ಅಂಥವರಲ್ಲಿ ನನ್ನ ಮನಸ್ಸಿಗೆ ಮೊದಲು ಬರುವವರು ರಾಮಜಿ ಸಕ್ಪಾಲರು. ಪರೇಲಿನ ಚಾಳಿನ ಒಂದೇ ಕೋಣೆಯಲ್ಲಿ ಅವರ ಸಂಸಾರ. ಅಡುಗೆ, ಊಟ, ನಿದ್ದೆ, ಸಾಮಾನು ಎಲ್ಲಕ್ಕೂ ಅದೇ ಜಾಗ. ಮಗ ಎಲ್ಫಿನ್‌ಸ್ಟನ್ ಹೈಸ್ಕೂಲಿಗೆ ಹೋಗುತ್ತಿದ್ದ. ಇಬ್ಬರೂ ಏಕಕಾಲಕ್ಕೆ ಮಲಗಲು ಸ್ಥಳವಿಲ್ಲದ್ದರಿಂದ ಮಗನನ್ನು ಬೇಗ ಮಲಗಿಸಿ ತಂದೆ ರಾತ್ರಿ ಎರಡರವರೆಗೆ ಎಚ್ಚರವಿರುತ್ತಿದ್ದರಂತೆ. ಎರಡಕ್ಕೆ ಮಗನನ್ನು ಎಬ್ಬಿಸಿ, ಅವನು ಎದ್ದ ಜಾಗದಲ್ಲಿ ತಾವು ಮಲಗುತ್ತಿದ್ದರು. ಊರೆಲ್ಲ ಮಲಗಿದ ಹೊತ್ತಿನಲ್ಲಿ ಹುಡುಗ ದೀಪದ ಬೆಳಕಿನಲ್ಲಿ ಓದುತ್ತಿದ್ದ. ಆ ಹುಡುಗ 1907ರಲ್ಲಿ ಮೆಟ್ರಿಕ್ ಪಾಸಾದ ಭೀಮರಾವ್ ಅಂಬೇಡ್ಕರ್. ಧನಂಜಯ ಕೀರ್ ಬರೆದ ಜೀವನಚರಿತ್ರೆಯಲ್ಲಿ ಈ ಪ್ರಸಂಗ ಬರುತ್ತದೆ. ಮಕ್ಕಳಿಗೆ ಇದನ್ನು ಹೇಳುವಾಗ ಎಲ್ಲರೂ ಎರಡು ಗಂಟೆಗೆ ಏಳುವ ಹುಡುಗನನ್ನು ಮೆಚ್ಚುತ್ತಾರೆ. ನನಗೆ ಎರಡು ಗಂಟೆಯವರೆಗೆ ಕಣ್ಣು ಮುಚ್ಚದ ತಂದೆಯ ಬಗ್ಗೆಯೂ ಹೇಳಬೇಕೆನಿಸುತ್ತದೆ.

ಅದೇ ಹುಡುಗ ಶಾಲೆ ಬಿಟ್ಟ ಮೇಲೆ ಚರ್ನಿ ರೋಡ್ ಗಾರ್ಡನ್ನಿನಲ್ಲಿ ಕೂತು ಓದುತ್ತಿದ್ದ. ಅಲ್ಲಿಗೆ ದಿನಾ ಬರುತ್ತಿದ್ದ ಇನ್ನೊಬ್ಬರು ಕೃಷ್ಣಾಜಿ ಅರ್ಜುನ್ ಕೇಳೂಸ್ಕರ್, ವಿಲ್ಸನ್ ಹೈಸ್ಕೂಲಿನ ಮೇಷ್ಟರು. ಹುಡುಗನನ್ನು ಮಾತಾಡಿಸಿದರು, ಪುಸ್ತಕ ಕೊಟ್ಟರು, ಮುಂದೆ ಬರೋಡ ಮಹಾರಾಜರ ನೆರವು ಸಿಗುವಂತೆ ಮಾಡಿದರು. ದಿನಾ ಒಂದೇ ಹೊತ್ತಿಗೆ ಒಂದೇ ಕಡೆ ಕೂರುವವನು ಯಾರದಾದರೂ ಕಣ್ಣಿಗೆ ಬೀಳುತ್ತಾನೆ. ದಿನಚರಿಯ ಈ ಲಾಭವನ್ನು ನಾವು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಕೆಲವೊಮ್ಮೆ ಬೀದಿಯೂ ಹೀಗೆ ನೆರವಾಗುತ್ತದೆ. ವರಳಿಯಲ್ಲಿ ಬಿ.ಡಿ.ಡಿ. ಚಾಳುಗಳ ಹತ್ತಿರ ಸುದಾಮ್ ಕಾಳು ಅಹಿರೆ ಮಾರ್ಗವೆಂಬ ರಸ್ತೆಯಿದೆ. ಜನ ಅದನ್ನು ಕರೆಯುವುದು ಅಭ್ಯಾಸ ಗಲ್ಲಿ ಎಂದು. 160 ಚದರಡಿಯ ಕೋಣೆಗಳಿಂದ ಬಂದ ಮಕ್ಕಳು ತಲೆಮಾರುಗಳಿಂದ ಅಲ್ಲಿ ಬೀದಿದೀಪದ ಕೆಳಗೆ ಕೂತು ಓದಿದ್ದಾರೆ. ಅಕ್ಕಪಕ್ಕ ಹತ್ತು ಜನ ತಲೆ ಬಗ್ಗಿಸಿ ಓದುತ್ತಿದ್ದರೆ ಹನ್ನೊಂದನೆಯವನಿಗೆ ಎದ್ದುಹೋಗಲು ಮನಸ್ಸಾಗುವುದಿಲ್ಲ. ಹೊಸಬನಿಗೆ ಬೇಕಾದ ಮನೋಬಲವನ್ನು ಆ ಬೀದಿಯೇ ಸ್ವಲ್ಪ ಕೊಟ್ಟಿರುತ್ತದೆ.

ಇನ್ನು ನಮ್ಮವರು. ಉಡುಪಿ, ಮಂಗಳೂರು, ಕುಂದಾಪುರದ ಕಡೆಯಿಂದ ಚಡ್ಡಿ ಹಾಕುವ ವಯಸ್ಸಿನಲ್ಲೇ ಈ ಊರಿಗೆ ಬಂದು ಹೋಟೆಲು ಸೇರಿದ ಹುಡುಗರು. ಬೆಳಗಿನ ಜಾವಕ್ಕೆದ್ದು ಕಪ್ಪುಬಸಿ ತೊಳೆಯುವುದು, ಟೇಬಲ್ ಒರೆಸುವುದು, ಆಮೇಲೆ ಬಡ್ತಿ ಸಿಕ್ಕಿದರೆ ಸಪ್ಲೈಯರ್ ಆಗುವುದು. ಬಾಗಿಲೆಳೆದ ಮೇಲೆ ಅದೇ ಟೇಬಲ್ಲುಗಳನ್ನು ಜೋಡಿಸಿ ಮಲಗುವುದು. ಇವರಿಗಾಗಿ ಇಲ್ಲಿನ ಕನ್ನಡ ಸಂಸ್ಥೆಗಳು ರಾತ್ರಿ ಶಾಲೆಗಳನ್ನು ತೆರೆದವು. 1902ರಲ್ಲಿ ಹುಟ್ಟಿದ ಮೊಗವೀರ ವ್ಯವಸ್ಥಾಪಕ ಮಂಡಳಿ ಮೊದಲಿನವುಗಳಲ್ಲೊಂದು. ಫೋರ್ಟಿನ ಕನ್ನಡ ಭವನ, ಬಿಲ್ಲವರ ಅಸೋಸಿಯೇಶನ್ನಿನ ಗುರುನಾರಾಯಣ ರಾತ್ರಿ ಶಾಲೆ ಹೀಗೆ ಹಲವು. ಮುಂಬಯಿ ಕನ್ನಡಿಗರು ತಮ್ಮ ಸಾಧನೆಗಳನ್ನು ಹೇಳಿಕೊಳ್ಳುವಾಗ ಹೋಟೆಲುಗಳ ಹೆಸರು ಮೊದಲು ಬರುತ್ತದೆ. ನನ್ನನ್ನು ಕೇಳಿದರೆ ಈ ರಾತ್ರಿ ಶಾಲೆಗಳ ಹೆಸರು ಅದಕ್ಕಿಂತ ಮೊದಲು ಬರಬೇಕು.

ರಾತ್ರಿ ಶಾಲೆಯಲ್ಲಿ ಕಲಿತ ಹಿರಿಯರು ಚೆಂಬೂರಿನಲ್ಲಿ ಈಗಲೂ ಸಿಗುತ್ತಾರೆ. ಬ್ಯಾಂಕಿನಿಂದ ನಿವೃತ್ತರಾದವರು, ವಕೀಲರು, ಲೆಕ್ಕ ಪರಿಶೋಧಕರು. ಹೇಗೆ ಓದಿದಿರಿ ಎಂದು ಕೇಳಿದರೆ ತಮ್ಮ ಛಲದ ಮಾತು ಅವರ ಬಾಯಲ್ಲಿ ಬರುವುದು ಕಡಿಮೆ. ಹೇಳುವುದೆಲ್ಲ ಹೋಟೆಲಿನ ಧನಿಗಳ ಮಾತು: "ಆರು ಗಂಟೆಗೆ ಗಿರಾಕಿ ಎಷ್ಟೇ ಇರಲಿ, ಹೋಗು ಮಾರಾಯ, ಶಾಲೆಗೆ ಹೊತ್ತಾಯ್ತು ಎನ್ನುತ್ತಿದ್ದರು." ಸಂಜೆ ಆರಕ್ಕೆ ಹೋಟೆಲಿನಲ್ಲಿ ಎಂಥ ರಶ್ಶಿರುತ್ತದೆ ಎಂದು ಬಲ್ಲವರಿಗೆ ಆ ಮಾತಿನ ಬೆಲೆ ತಿಳಿಯುತ್ತದೆ. ಆ ಹುಡುಗನ ಟೇಬಲ್ಲುಗಳನ್ನು ನೋಡಿಕೊಳ್ಳಲು ಇನ್ನೊಬ್ಬ ಒಪ್ಪಬೇಕಿತ್ತು. ಶಾಲೆಯಲ್ಲಿ ಕಾಯುತ್ತಿದ್ದ ಮೇಷ್ಟರೂ ಹಗಲೆಲ್ಲ ಆಫೀಸಿನಲ್ಲೋ ಹಗಲು ಶಾಲೆಯಲ್ಲೋ ದುಡಿದು ಬಂದವರೇ. ರಾತ್ರಿ ಹಿಂದಿರುಗಿದಾಗ ಅನ್ನ ಸಾರು ತೆಗೆದಿಟ್ಟಿರುತ್ತಿದ್ದ ಭಟ್ಟರು ಬೇರೆ. ಒಬ್ಬನ ಓದಿಗೆ ಇಷ್ಟು ಜನ. ಗಂಟೆ ಇತ್ತು, ಅದು ಬದಲಾಗುತ್ತಿರಲಿಲ್ಲ, ಅದನ್ನು ಹಾಳುಮಾಡಿದರೆ ಇಷ್ಟೂ ಜನಕ್ಕೆ ಉತ್ತರ ಹೇಳಬೇಕಿತ್ತು.

ಮೆಟ್ರಿಕ್ ದಾಟಿದವರಿಗೆ ಮುಂದಿನ ದಾರಿ ಬೆಳಗಿನ ಕಾಲೇಜು. ಎರಡು ಗಂಟೆಗೆ ಎದ್ದು ಓದಿದ ಅಂಬೇಡ್ಕರರೇ ದೊಡ್ಡವರಾಗಿ ಪೀಪಲ್ಸ್ ಎಜುಕೇಶನ್ ಸೊಸೈಟಿ ಕಟ್ಟಿ, 1946ರಲ್ಲಿ ಸಿದ್ಧಾರ್ಥ ಕಾಲೇಜು ತೆರೆದಾಗ ತರಗತಿಗಳನ್ನು ಬೆಳಗಿನ ಹೊತ್ತಿಗೇ ಇಟ್ಟರು, ದುಡಿಯುವವರೂ ಓದಲಿ ಎಂದು. ತಮಗೆ ತಂದೆ ಕಾದುಕೊಟ್ಟ ಗಂಟೆಯನ್ನು ಅವರು ಸಾವಿರಾರು ಜನಕ್ಕೆ ಕಾದುಕೊಟ್ಟರು ಎಂದೇ ನಾನು ತಿಳಿದಿದ್ದೇನೆ. ಚೆಂಬೂರಿನಲ್ಲೂ ಇಂಥ ಕೆಲಸವಾಗಿದೆ. ದೇಶ ವಿಭಜನೆಯಲ್ಲಿ ಮನೆಮಾರು ಕಳೆದುಕೊಂಡು ಇಲ್ಲಿನ ಬ್ಯಾರಕ್ಕುಗಳಿಗೆ ಬಂದ ಸಿಂಧಿಗಳ ನಡುವಿನಿಂದ ಹಶು ಅಡ್ವಾಣಿಯವರು 1962ರಲ್ಲಿ ವಿವೇಕಾನಂದ ಎಜುಕೇಶನ್ ಸೊಸೈಟಿ ಕಟ್ಟಿದರು. ಘಾಟ್ಲಾದಲ್ಲಿ ನಮ್ಮ ಚೆಂಬೂರು ಕರ್ನಾಟಕ ಸಂಘದ ವಿದ್ಯಾಸಂಸ್ಥೆಯಿದೆ. ಅದರ ಮೆಟ್ಟಿಲು ಹತ್ತಿ ಹೋದ ಮಕ್ಕಳಲ್ಲಿ ಮನೆಯಲ್ಲಿ ಮರಾಠಿ, ಹಿಂದಿ, ತಮಿಳು ಮಾತಾಡುವವರೂ ಎಷ್ಟೋ ಮಂದಿ.

ಈಗಿನ ಮಕ್ಕಳ ವಿಷಯಕ್ಕೆ ಬರುತ್ತೇನೆ. ಇವರು ಕಪ್ಪುಬಸಿ ತೊಳೆಯುವುದಿಲ್ಲ, ನಿಜ. ಆದರೆ ಇವರ ದಿನಕ್ಕೆ ಗಡಿಯೇ ಇಲ್ಲ. ಬೆಳಿಗ್ಗೆ ಏಳಕ್ಕೆ ಲೆಕ್ಚರ್, ನಡುವೆ ಖಾಲಿ ಹೊತ್ತು, ಹನ್ನೊಂದೂವರೆಗೆ ಇನ್ನೊಂದು. ಮಧ್ಯಾಹ್ನ ಬಿಟ್ಟ ಮೇಲೆ ಕಟ್ಟೆಯ ಮೇಲೆ ಹರಟೆ, ಕಟಿಂಗ್ ಚಹಾ, ಕೈಯಲ್ಲಿ ಫೋನು. ಮನೆಗೆ ಬಂದು ಊಟ ಮಾಡಿ ಮಲಗಿ ಎದ್ದರೆ ಸಂಜೆ. ಓದುವುದು ಸಬ್ಮಿಷನ್ನಿನ ಹಿಂದಿನ ದಿನ, ಪರೀಕ್ಷೆಯ ಹಿಂದಿನ ವಾರ. ಅದೂ ಯಾರೋ ಬರೆದ ನೋಟ್ಸಿನ ಜೆರಾಕ್ಸು. ಹಾಜರಿ ಶೇಕಡಾ 75 ಇಲ್ಲದೆ ಡಿಫಾಲ್ಟರ್ ಪಟ್ಟಿಯಲ್ಲಿ ಹೆಸರು, ಆಮೇಲೆ ಒಂದೆರಡು ವಿಷಯ ಹೋಗಿ ಎಟಿಕೆಟಿ. ಹೋದ ವಿಷಯವನ್ನು ಮುಂದಿನ ವರ್ಷಕ್ಕೂ ಹೊತ್ತುಕೊಂಡು ನಡೆಯುವ ಈ ಎಟಿಕೆಟಿಯ ಬಗ್ಗೆ ಮಕ್ಕಳು ಹಗುರವಾಗಿ ಮಾತಾಡುತ್ತಾರೆ. ಮನೆಯಲ್ಲಿ ಮೊದಲ ಬಾರಿಗೆ ಕಾಲೇಜು ಕಂಡ ಹುಡುಗಿಗೆ ಅದು ಹಗುರವಲ್ಲ. ಎರಡು ವಿಷಯ ಉಳಿದರೆ ಓದು ಸಾಕು, ಕೆಲಸಕ್ಕೆ ಹೋಗು ಎನ್ನುವ ಮನೆಗಳಿವೆ. ಹಾಗೆ ನಿಂತುಹೋದವರ ಮುಖಗಳು ನನಗೆ ಇವತ್ತಿಗೂ ನೆನಪಿವೆ. ಬುದ್ಧಿ ಕಡಿಮೆಯಾಗಿ ನಿಂತವರು ಅವರಲ್ಲಿ ತೀರ ವಿರಳ.

ಹಾಗಾಗಿ ಟೈಮ್‌ಟೇಬಲ್ ಕೇಳಿ ಬಂದವರಿಗೆ ನಾನು ಹಾಳೆ ಕೊಡುವುದಿಲ್ಲ. ಒಂದೇ ಒಂದು ಕೆಲಸ ಹೇಳುತ್ತೇನೆ. ಇವತ್ತು ಕ್ಲಾಸಿನಲ್ಲಿ ಕೇಳಿದ್ದನ್ನು ಇವತ್ತೇ, ಪುಸ್ತಕ ಮುಚ್ಚಿಟ್ಟು, ಖಾಲಿ ಹಾಳೆಯ ಮೇಲೆ ಬರಿ. ಬಂದಷ್ಟು ಬರಿ. ಬಾರದ್ದು ಎಲ್ಲಿದೆಯೆಂದು ಆಮೇಲೆ ಪುಸ್ತಕ ತೆರೆದು ನೋಡು. ಇದರ ಹಿಂದೆ ಹಳೆಯ ವಿದ್ಯೆಯಿದೆ. ಜರ್ಮನಿಯ ಹರ್ಮನ್ ಎಬ್ಬಿಂಗ್‌ಹೌಸ್ ಎಂಬವರು ಅರ್ಥವಿಲ್ಲದ ಅಕ್ಷರಗುಚ್ಛಗಳನ್ನು ಬಾಯಿಪಾಠ ಮಾಡಿ, ಎಷ್ಟು ಹೊತ್ತಿಗೆ ಎಷ್ಟು ಮರೆಯುತ್ತೇನೆಂದು ತಮ್ಮ ಮೇಲೆಯೇ ಪರೀಕ್ಷಿಸಿಕೊಂಡು 1885ರಲ್ಲಿ ಪ್ರಕಟಿಸಿದರು. ಮರೆವಿನ ದೊಡ್ಡ ಪಾಲು ಮೊದಲ ಗಂಟೆಗಳಲ್ಲೇ ಆಗಿಹೋಗುತ್ತದೆ ಎಂದು ತೋರಿಸಿದವರು ಅವರು. 2006ರಲ್ಲಿ ಅಮೆರಿಕದ ರೋಡಿಗರ್ ಮತ್ತು ಕಾರ್ಪಿಕೆ ಎಂಬಿಬ್ಬರು ಕಾಲೇಜು ವಿದ್ಯಾರ್ಥಿಗಳಿಗೆ ಒಂದು ಪಾಠ ಕೊಟ್ಟರು. ಕೆಲವರು ಅದನ್ನು ಮತ್ತೆ ಮತ್ತೆ ಓದಿದರು, ಕೆಲವರು ಪಾಠ ಮುಚ್ಚಿಟ್ಟು ನೆನಪಿನಿಂದ ಬರೆದರು. ಐದು ನಿಮಿಷದ ನಂತರ ಕೇಳಿದಾಗ ಮತ್ತೆ ಓದಿದವರೇ ಮುಂದಿದ್ದರು. ವಾರದ ನಂತರ ಕೇಳಿದಾಗ ಬರೆದವರು ಮುಂದಿದ್ದರು. ಪರೀಕ್ಷೆಯ ಹಿಂದಿನ ರಾತ್ರಿ ಓದಿದ್ದು ಸರಿಯಾಗಿಯೇ ತಲೆಗೆ ಹೋಗಿದೆ ಎಂದು ಮಕ್ಕಳಿಗೆ ಏಕೆ ಅನಿಸುತ್ತದೆ, ಮುಂದಿನ ಸೆಮಿಸ್ಟರಿಗೆ ಏಕೆ ಏನೂ ಉಳಿದಿರುವುದಿಲ್ಲ ಎಂಬ ಎರಡಕ್ಕೂ ಇಲ್ಲಿ ಉತ್ತರವಿದೆ.

ನಮ್ಮ ಹಾರ್ಬರ್ ಲೈನಿನ ಗಾಡಿಯಲ್ಲಿ ಫೋರ್ಟಿನ ಕಾಲೇಜುಗಳಿಗೆ ಹೋಗುವ ಹೆಣ್ಣುಮಕ್ಕಳು ಈ ಪ್ರಯೋಗವನ್ನು ಓದದೆಯೇ ಅದನ್ನು ಮಾಡುತ್ತಾರೆ. ಚೆಂಬೂರಿನಲ್ಲಿ ಹತ್ತಿದಾಗ ಬ್ಯಾಗಿನಿಂದ ಪುಸ್ತಕ ತೆಗೆಯುವಷ್ಟು ಜಾಗ ಇರುವುದಿಲ್ಲ. ಕುರ್ಲಾದಲ್ಲಿ ಇನ್ನಷ್ಟು ಜನ ನುಗ್ಗುತ್ತಾರೆ. ಕೈ ಎತ್ತಲೂ ಆಗದ ಆ ನೂಕುನುಗ್ಗಲಿನಲ್ಲಿ ತಲೆಯೊಳಗೇ ಪಾಠವನ್ನು ಹೇಳಿಕೊಳ್ಳಬೇಕು. ಚುನಾಭಟ್ಟಿ ಬರುವಷ್ಟರಲ್ಲಿ ಒಂದು ವ್ಯಾಖ್ಯೆ, ವಡಾಲ ಬರುವಷ್ಟರಲ್ಲಿ ಅದರ ಉದಾಹರಣೆ, ಸಿವ್ರಿ ದಾಟುವಾಗ ಆಕ್ಷೇಪಗಳು. ಕಾಟನ್ ಗ್ರೀನಿನಲ್ಲಿ ಜನ ಇಳಿದು ಉಸಿರಾಡಲು ಆದಾಗ ಪುಸ್ತಕ ತೆರೆದು ತಪ್ಪು ತಿದ್ದಿಕೊಳ್ಳುವುದು. ಹೀಗೆ ಓದಿದ ನನ್ನ ವಿದ್ಯಾರ್ಥಿನಿಯೊಬ್ಬಳು ಈಗ ಸ್ವತಃ ಕಾಲೇಜಿನಲ್ಲಿ ಪಾಠ ಮಾಡುತ್ತಿದ್ದಾಳೆ.

ಬರೆಯುವುದು ಬೇಸರವೆನ್ನುವ ಮಕ್ಕಳಿಗೆ ಇನ್ನೊಂದು ದಾರಿ ಹೇಳುತ್ತೇನೆ: ಅಜ್ಜಿಗೆ ಹೇಳು, ತುಳುವಿನಲ್ಲಿ ಹೇಳು, ಕನ್ನಡದಲ್ಲಿ ಹೇಳು. ಇಂಗ್ಲಿಷಿನಲ್ಲಿ ಉರುಹೊಡೆದದ್ದನ್ನು ಮನೆಮಾತಿನಲ್ಲಿ ಹೇಳಲು ಬಂತೆಂದರೆ ಅರ್ಥವಾಗಿದೆ ಎಂದೇ ಲೆಕ್ಕ. ನಮ್ಮ ನೆರೆಯ ಹುಡುಗಿಯೊಬ್ಬಳು ಜುಲೈ ತಿಂಗಳ ಒಂದು ಸಂಜೆ ಅಜ್ಜಿಯ ಮುಂದೆ ಕೂತು, ಬೇಡಿಕೆ ಹೆಚ್ಚಿದರೆ ಬೆಲೆ ಏರುತ್ತದೆ ಎಂದು ಶುರು ಮಾಡಿದಳು. ಅಜ್ಜಿ ಒಪ್ಪಲಿಲ್ಲ. "ಬಂಗುಡೆ ರೇಟು ಏರಿದೆಯಲ್ಲ, ತಿನ್ನುವವರು ಹೆಚ್ಚಾಗಿದ್ದಾರಾ ಮಗಾ? ಮಳೆಗಾಲದಲ್ಲಿ ದೋಣಿ ಕಡಲಿಗೆ ಇಳಿಯುವುದಿಲ್ಲ, ಮೀನೇ ಇಲ್ಲ." ಜೂನ್ 1ರಿಂದ ಜುಲೈ 31ರವರೆಗೆ ಇಲ್ಲಿ ಯಾಂತ್ರಿಕ ದೋಣಿಗಳ ಮೀನುಗಾರಿಕೆಗೆ ನಿಷೇಧ. ಬೇಡಿಕೆ ಇದ್ದಲ್ಲೇ ಇರುವಾಗ ಪೂರೈಕೆ ಕುಗ್ಗಿ ಬೆಲೆ ಏರುವುದನ್ನು ಅಜ್ಜಿ ಮಾರ್ಕೆಟ್ಟಿನಲ್ಲಿ ಕಂಡಿದ್ದರು. ಪುಸ್ತಕದಲ್ಲಿ ಎರಡು ಗೆರೆಗಳಾಗಿ ಇದ್ದದ್ದು ಹುಡುಗಿಗೆ ಆ ಸಂಜೆ ಅರ್ಥವಾಯಿತು. ಅಂದಿನಿಂದ ಆ ಮನೆಯಲ್ಲಿ ಸಂಜೆಯ ದೀಪ ಹಚ್ಚಿದ ಮೇಲೆ ಅಜ್ಜಿಯೇ ಕರೆಯುತ್ತಾರೆ, ಇವತ್ತೇನು ಕಲಿತೆ, ಬಾ ಎಂದು. ಆ ಹುಡುಗಿಯ ಗಂಟೆಯನ್ನು ಕಾಯುವವರು ಈಗ ಅವರು.

ಇಂಥದ್ದು ರೂಢಿಯಾಗಲು ಎಷ್ಟು ದಿನ ಬೇಕು? ಇಪ್ಪತ್ತೊಂದು ದಿನ ಎಂಬ ಮಾತು ಎಲ್ಲ ಕಡೆ ಓಡಾಡುತ್ತದೆ. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನಲ್ಲಿ ಫಿಲಿಪ್ಪ ಲಾಲಿ ಮತ್ತು ಸಂಗಡಿಗರು 96 ಜನರನ್ನು ಹನ್ನೆರಡು ವಾರ ಗಮನಿಸಿದರು. ಮಧ್ಯಾಹ್ನದ ಊಟದ ಜೊತೆ ಒಂದು ಹಣ್ಣು ತಿನ್ನುವಂಥ ಒಂದು ಸಣ್ಣ ಕೆಲಸವನ್ನು ಪ್ರತಿಯೊಬ್ಬರೂ ಆರಿಸಿಕೊಂಡಿದ್ದರು. ಅದು ತಾನಾಗಿಯೇ ನಡೆಯುವಂತಾಗಲು ಹಿಡಿದ ಕಾಲ ಸುಮಾರು 66 ದಿನ. ಒಬ್ಬರಿಂದೊಬ್ಬರಿಗೆ ಅಂದಾಜು 18 ದಿನದಿಂದ 254 ದಿನದವರೆಗೆ ವ್ಯತ್ಯಾಸ. ಆ ಅಧ್ಯಯನದಲ್ಲಿ ನನಗೆ ಪ್ರಿಯವಾದ ಸಂಗತಿ ಇನ್ನೊಂದಿದೆ. ನಡುವೆ ಒಂದು ದಿನ ತಪ್ಪಿದರೆ ಹೇಳಿಕೊಳ್ಳುವಂಥ ನಷ್ಟವೇನೂ ಆಗಲಿಲ್ಲ. ಒಂದು ದಿನ ತಪ್ಪಿತೆಂದು ಎಲ್ಲವನ್ನೂ ಕೈಬಿಡುವ ಮಕ್ಕಳು ಎಷ್ಟು ಮಂದಿ! ಅವರಿಗೆಲ್ಲ ಇದನ್ನು ಕೂರಿಸಿಕೊಂಡು ಹೇಳುತ್ತೇನೆ.

ಆ 66 ದಿನವನ್ನು ಚೆಂಬೂರಿನ ಕ್ಯಾಲೆಂಡರಿನ ಮೇಲೆ ಇಟ್ಟು ನೋಡಬೇಕು. ಜೂನ್ ಮಧ್ಯದಲ್ಲಿ ತೊಡಗಿದರೆ ಆಗಸ್ಟ್ ಇಪ್ಪತ್ತರ ಆಸುಪಾಸಿಗೆ ಮುಗಿಯುತ್ತದೆ. ನಡುವೆ ಜುಲೈ ಮಳೆ; ಕುರ್ಲಾ, ಚುನಾಭಟ್ಟಿಯಲ್ಲಿ ಹಳಿಯ ಮೇಲೆ ನೀರು ನಿಂತು ಗಾಡಿ ಬಂದ್. ಆಮೇಲೆ ಗಣಪತಿ. ತಿಲಕ ನಗರದ ಸಹ್ಯಾದ್ರಿ ಮಂಡಲದ ಮಂಟಪ ನೋಡಲು ಊರೂರಿನಿಂದ ಜನ ಬರುತ್ತಾರೆ; ಆ ದಿನಗಳಲ್ಲಿ ಮನೆಯೊಳಗೆ ಕೂತು ಓದು ಎಂದು ಯಾವ ಮಗುವಿಗೂ ನಾನು ಹೇಳುವುದಿಲ್ಲ. ಹಬ್ಬಕ್ಕೆ ಮುಂಚೆ ಬೇರು ಬಿಟ್ಟ ರೂಢಿ ಹಬ್ಬ ಮುಗಿದ ಮೇಲೆ ಮತ್ತೆ ಚಿಗುರುತ್ತದೆ. ಹಬ್ಬ ಕಳೆದ ಮೇಲೆ ಶುರು ಮಾಡೋಣ ಎಂದವರಿಗೆ ನವರಾತ್ರಿ ಬರುತ್ತದೆ, ಅದರ ಬೆನ್ನಿಗೇ ಪರೀಕ್ಷೆ. ಆದ್ದರಿಂದ ಕಾಲೇಜು ತೆರೆದ ವಾರದಲ್ಲೇ ತೊಡಗಬೇಕು, ಮನೆಯಲ್ಲಿ ಈಗಾಗಲೇ ನಡೆಯುವ ಯಾವುದಾದರೂ ಒಂದಕ್ಕೆ ಅದನ್ನು ಗಂಟುಹಾಕಬೇಕು. ನೀರು ನಿಂತ ಕೂಡಲೇ ಅರ್ಧ ಗಂಟೆ. ದೀಪ ಹಚ್ಚಿದ ಕೂಡಲೇ ಒಂದು ಗಂಟೆ. ಗಡಿಯಾರ ನೋಡಿ ಏಳುವುದಕ್ಕಿಂತ ಇದು ಸುಲಭ, ಮನೆಯವರ ನೆನಪಿನಲ್ಲೂ ಉಳಿಯುತ್ತದೆ.

ಫೋನಿನ ವಿಷಯದಲ್ಲೂ ನನ್ನ ಅನುಭವ ಇದೇ. ತಾನೇ ದೂರವಿಟ್ಟು ಓದುತ್ತೇನೆಂದ ಮಕ್ಕಳು ಹತ್ತು ನಿಮಿಷಕ್ಕೆ ಅದನ್ನು ಕೈಗೆತ್ತಿಕೊಳ್ಳುತ್ತಾರೆ. ಅಮ್ಮನ ಹತ್ತಿರವೋ ಎದುರು ಮನೆಯ ಮಾಮಿಯ ಹತ್ತಿರವೋ ಕೊಟ್ಟು ಬಂದವರು ಗಂಟೆಯಿಡೀ ಓದುತ್ತಾರೆ. ಇನ್ನೊಬ್ಬರ ಸಹಾಯ ಕೇಳುವುದರಲ್ಲಿ ಸಣ್ಣತನವೇನೂ ಇಲ್ಲ ಎಂದು ಹದಿನೆಂಟು ವರ್ಷದವರಿಗೆ ಹೇಳಿಕೊಡಬೇಕಾಗಿದೆ.

ಕೊನೆಗೆ ನಮ್ಮ ಹಿರಿಯರಲ್ಲಿ ಒಂದು ಕೇಳಿಕೆ. ಚೆಂಬೂರು, ಕುರ್ಲಾ, ವಡಾಲ, ಮಾಟುಂಗದ ಸುತ್ತ ಕನ್ನಡ ಸಂಘಗಳಿಗೆ, ಜಾತಿ ಸಂಘಗಳಿಗೆ ಸ್ವಂತ ಸಭಾಗೃಹಗಳಿವೆ. ಭಾನುವಾರ ಅಲ್ಲಿ ಯಕ್ಷಗಾನ, ಸನ್ಮಾನ, ಮದುವೆ. ವಾರದ ದಿನಗಳಲ್ಲಿ ಸಂಜೆ ಹಲವು ಕೋಣೆಗಳು ಖಾಲಿ ಇರುತ್ತವೆ. ಮರಾಠಿ ಮಂಡಲಗಳು ಬೀದಿಬೀದಿಯಲ್ಲಿ ಅಭ್ಯಾಸಿಕೆಗಳನ್ನು ನಡೆಸುತ್ತವೆ. ಉದ್ದ ಮೇಜು, ಟ್ಯೂಬ್‌ಲೈಟು, ಫ್ಯಾನು, ಕುಡಿಯುವ ನೀರು, ಇಷ್ಟೇ ಅಲ್ಲಿರುವುದು. ನಾವೂ ಒಂದು ಕೋಣೆಯನ್ನು ಸಂಜೆ ಏಳರಿಂದ ಹತ್ತರವರೆಗೆ ತೆರೆದಿಡಬಹುದು. ಮಕ್ಕಳ ಜೊತೆ ಕೂರಲು ಒಬ್ಬರು ಬೇಕು. ಪಾಠ ಹೇಳಬೇಕೆಂದಿಲ್ಲ, ಪೇಪರ್ ಓದುತ್ತ ಕೂತರೂ ನಡೆಯುತ್ತದೆ. ಬಾಗಿಲು ತೆರೆದು, ಬಂದವರ ಫೋನು ಇಸಿದುಕೊಂಡು, ಮೂರು ದಿನ ಬಾರದವರ ಮನೆಗೆ ಒಂದು ಮಾತು ಕೇಳಿ ಕಳಿಸಬೇಕು. ರಾತ್ರಿ ಶಾಲೆಯಲ್ಲಿ ಓದಿ ಬ್ಯಾಂಕು, ಕೋರ್ಟು, ಕಚೇರಿಗಳಲ್ಲಿ ದುಡಿದು ಈಗ ಛೇಡಾ ನಗರದಲ್ಲೂ ತಿಲಕ ನಗರದಲ್ಲೂ ವಿಶ್ರಾಂತಿಯಲ್ಲಿರುವವರು ವಾರಕ್ಕೆ ಒಂದು ಸಂಜೆ ಕೊಟ್ಟರೆ ಒಂದು ಕೋಣೆಗೆ ಆರು ಜನ ಸಾಕು. ಸೋಮವಾರದ ಸಂಜೆ ನನ್ನದು.